ಕರಿಕಲ್ಲೆಲ್ಲ ಮ್ಯಾಫಿಕ್ಕಾ? ಮೈಸೂರು–ಮಂಡ್ಯ ಸೀಮೆಯ ಕಲ್ಲು ಗುರುತಿಸುವ ಬಗ್ಗೆ

ಬದುವಿನಕಲ್ಲು:
ಪಾಂಡವಪುರ ತಾಲ್ಲೂಕಿನ ಹೊಲವೊಂದರಲ್ಲಿ ಸುಮಾರು 15 ಮೀಟರ್ ಅಗಲದ ಕರಿಕಲ್ಲಿನ ಸಾಲು ನೆಟ್ಟಗೆ ಹಾದುಹೋಗಿದೆ. ಎರಡೂ ಪಕ್ಕದಲ್ಲಿ ಬಿಳಿ-ಬೂದು ಗೆರೆಗಳ ಬಂಡೆ. ಕರಿಕಲ್ಲು ನೆಲದ ಮೇಲೆ ಗುಂಡುಗುಂಡಾಗಿ ಎದ್ದು ಕೂತಿದೆ. ಹೊರಮೈ ಇಟ್ಟಿಗೆ ಬಣ್ಣ, ಒಡೆದರೆ ಒಳಗೆ ಅಚ್ಚ ಕಪ್ಪು. ಬಸಾಲ್ಟ್ ಅಂತ ಒಬ್ಬರು, ಕರಿ ಗ್ರಾನೈಟ್ ಅಂತ ಇನ್ನೊಬ್ಬರು. ಇದು ಮ್ಯಾಫಿಕ್ ಶಿಲೆ (ಸಿಲಿಕಾ ಕಡಿಮೆ, ಕಬ್ಬಿಣ-ಮೆಗ್ನೀಸಿಯಂ ಹೆಚ್ಚಿರುವ ಕಲ್ಲು) ಹೌದೋ ಅಲ್ಲವೋ ಅನ್ನುವುದನ್ನು ಲ್ಯಾಬಿಗೆ ಹೋಗದೆ ತಿಳಿಯುವುದು ಹೇಗೆ? ಮತ್ತೆ, ಈ ಸಾಲಿನ ಪಕ್ಕ ಬೋರು ಕೊರೆಸಬಹುದಾ?

ಶಿಲಾಪಾಕ:
ವಿವರಣೆ ಓದಿದರೆ ಡಾಲರೈಟ್ ಡೈಕ್ ಅನ್ನಿಸುತ್ತದೆ, ಅಂದರೆ ಬಂಡೆಯ ಬಿರುಕಿನೊಳಗೆ ನುಗ್ಗಿ ಗೋಡೆಯಂತೆ ಗಟ್ಟಿಯಾದ ಕರಿಕಲ್ಲು. ಆದರೆ ಖಚಿತ ಮಾಡಿಕೊಳ್ಳದೆ ಮುಂದೆ ಹೋಗುವುದು ಬೇಡ. ಮೊದಲು ಲೆಕ್ಕ ಏನೆಂದು ಹೇಳಿಬಿಡುತ್ತೇನೆ.

ಅಗ್ನಿಶಿಲೆಯನ್ನು ಅದರಲ್ಲಿರುವ ಸಿಲಿಕಾ ಪ್ರಮಾಣದ ಮೇಲೆ ವಿಂಗಡಿಸುತ್ತಾರೆ. ತೂಕದಲ್ಲಿ ಶೇ. 45ಕ್ಕಿಂತ ಕಡಿಮೆ ಇದ್ದರೆ ಅಲ್ಟ್ರಾಮ್ಯಾಫಿಕ್, 45ರಿಂದ 52 ಮ್ಯಾಫಿಕ್, 52ರಿಂದ 63 ಮಧ್ಯಮ, 63 ದಾಟಿದರೆ ಫೆಲ್ಸಿಕ್. ಸಾಮಾನ್ಯ ಬಸಾಲ್ಟ್‌ನಲ್ಲಿ ಸಿಲಿಕಾ ಶೇ. 50ರ ಆಸುಪಾಸು, ಕಬ್ಬಿಣದ ಆಕ್ಸೈಡ್ 10–12, ಮೆಗ್ನೀಸಿಯಾ 6–8, ಸುಣ್ಣದ ಅಂಶ 10. ಗ್ರಾನೈಟಿನಲ್ಲಿ ಸಿಲಿಕಾ 70–74, ಸೋಡಾ ಮತ್ತು ಪೊಟ್ಯಾಷ್ ಸೇರಿ 8ರ ಹತ್ತಿರ, ಮೆಗ್ನೀಸಿಯಾ 1ಕ್ಕೂ ಕಡಿಮೆ. ಖನಿಜದಲ್ಲಿ ಹೇಳುವುದಾದರೆ ಮ್ಯಾಫಿಕ್ ಕಡೆ ಆಲಿವೀನ್, ಪೈರಾಕ್ಸೀನ್, ಕ್ಯಾಲ್ಸಿಯಂ ಹೆಚ್ಚಿರುವ ಪ್ಲಾಜಿಯೊಕ್ಲೇಸ್. ಫೆಲ್ಸಿಕ್ ಕಡೆ ಬೆಣಚು, ಪೊಟ್ಯಾಷ್ ಫೆಲ್ಡ್‌ಸ್ಪಾರ್, ಸೋಡಿಯಂ ಪ್ಲಾಜಿಯೊಕ್ಲೇಸ್, ಜೊತೆಗೆ ಒಂದಿಷ್ಟು ಅಭ್ರಕ.

ಬಸಾಲ್ಟ್ ಅನ್ನುವ ಮಾತು ಮಾತ್ರ ಬಿಡಿ. ಅದು ಮೇಲ್ಮೈಗೆ ಹರಿದು ಬೇಗ ತಣಿದ ಲಾವಾ. ಕರ್ನಾಟಕದಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ ಹೋಗಬೇಕು. ಅಲ್ಲಿನ ಡೆಕ್ಕನ್ ಟ್ರ್ಯಾಪ್ ಎಂಬ ಲಾವಾ ಪದರ ಸುಮಾರು 6.6 ಕೋಟಿ ವರ್ಷದ್ದು. ಮಂಡ್ಯದ ಹೊಲದಲ್ಲಿ ಸಾಲಾಗಿ ಕಾಣುವುದು ಬಿರುಕಿನೊಳಗೆ ನುಗ್ಗಿ ಅಲ್ಲೇ ಗಟ್ಟಿಯಾದ ಕಲ್ಲು. ರಾಸಾಯನಿಕವಾಗಿ ಬಸಾಲ್ಟಿನ ಒಡಹುಟ್ಟು, ಹರಳು ಸ್ವಲ್ಪ ದಪ್ಪ, ಹೆಸರು ಡಾಲರೈಟ್. ಧಾರವಾಡ ಕ್ರೇಟಾನ್ ಎಂಬ ನಮ್ಮ ಪುರಾತನ ಭೂಖಂಡದ ತುಣುಕಿನ ಡೈಕುಗಳಲ್ಲಿ ಒಂದು ದೊಡ್ಡ ಗುಂಪು ಸುಮಾರು 237 ಕೋಟಿ ವರ್ಷದ್ದು.

ಬಂಡೆಹಾದಿ:
ಮೇಲಿನದಕ್ಕೆ ಒಪ್ಪುತ್ತೇನೆ. ಆದರೆ "ಕಪ್ಪು ಅಂದರೆ ಮ್ಯಾಫಿಕ್" ಎಂಬ ನಂಬಿಕೆಯನ್ನು ಇಲ್ಲೇ ಮುರಿಯದಿದ್ದರೆ ನಮ್ಮ ಸೀಮೆಯಲ್ಲಿ ಹತ್ತಕ್ಕೆ ನಾಲ್ಕು ಕಲ್ಲನ್ನು ತಪ್ಪಾಗಿ ಹೆಸರಿಸುತ್ತೇವೆ.

ಮೊದಲ ಮೋಸಗಾರ ಚಾರ್ನೊಕೈಟ್. ಬಿಳಿಗಿರಿರಂಗನ ಬೆಟ್ಟದ ಕಡೆಗೆ ಹೋದಷ್ಟೂ ಸಿಗುತ್ತದೆ. ಹೊಸದಾಗಿ ಒಡೆದರೆ ಎಣ್ಣೆ ಸವರಿದಂಥ ಹಸಿರುಗಪ್ಪು. ದೂರದಿಂದ ನೋಡಿದವರು ಗ್ಯಾಬ್ರೊ (ದಪ್ಪ ಹರಳಿನ ಮ್ಯಾಫಿಕ್ ಶಿಲೆ) ಎಂದೇ ಬರೆದುಬಿಡುತ್ತಾರೆ. ಆದರೆ ಅದರ ಬಹುಪಾಲು ಗ್ರಾನೈಟಿನ ಸಂಯೋಜನೆಯದೇ: ಬೆಣಚು, ಫೆಲ್ಡ್‌ಸ್ಪಾರ್, ಜೊತೆಗೆ ಹೈಪರ್ಸ್ಥೀನ್ ಎಂಬ ಪೈರಾಕ್ಸೀನ್. ಭೂವಿಜ್ಞಾನಿ ಹಾಲೆಂಡ್ 1893ರಲ್ಲಿ ಈ ಹೆಸರು ಕೊಟ್ಟದ್ದು ಕೋಲ್ಕತ್ತದಲ್ಲಿರುವ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಾಕ್ ಸಮಾಧಿಯ ಕಲ್ಲು ನೋಡಿ. ಲೆನ್ಸ್ ಹಿಡಿದರೆ ಗುಟ್ಟು ಬಯಲಾಗುತ್ತದೆ. ಬೆಣಚು ನೀಲಿ-ಬೂದು ಬಣ್ಣದಲ್ಲಿ, ಸೀಳಿಲ್ಲದೆ, ಗಾಜಿನ ಚೂರಿನಂತೆ ಕಾಣುತ್ತದೆ. ಬೆಣಚು ಕಣ್ಣಿಗೆ ಧಾರಾಳವಾಗಿ ಬಿದ್ದರೆ ಕಲ್ಲು ಎಷ್ಟೇ ಕಪ್ಪಿರಲಿ, ಮ್ಯಾಫಿಕ್ ಅಲ್ಲ.

ಇದಕ್ಕೆ ವಿರುದ್ಧ ಉದಾಹರಣೆ ಅನಾರ್ಥೊಸೈಟ್. ಶೇ. 90ಕ್ಕಿಂತ ಹೆಚ್ಚು ಪ್ಲಾಜಿಯೊಕ್ಲೇಸ್, ಬೂದು-ಬಿಳಿ ಬಣ್ಣ. ಸಿಲಿಕಾ ನೋಡಿದರೆ ಶೇ. 50ರ ಹತ್ತಿರ, ಅಂದರೆ ಗ್ಯಾಬ್ರೊ ಬಳಗದ್ದು. ಹೊಳೆನರಸೀಪುರದ ಶಿಲಾಪಟ್ಟಿಯಲ್ಲಿ ಇದೆ. ಜ್ವಾಲಾಮುಖಿಯ ಗಾಜು ಆಬ್ಸಿಡಿಯನ್ ಕೂಡ ಕಡುಗಪ್ಪು, ಸಿಲಿಕಾ ಮಾತ್ರ ಶೇ. 70ಕ್ಕೂ ಹೆಚ್ಚು. ನಮ್ಮಲ್ಲಿ ಸಿಗುವುದಿಲ್ಲವಾದ್ದರಿಂದ ಅದರ ಚಿಂತೆ ಬೇಡ.

ಇನ್ನೊಂದು ಮಾತು. ಚಾಮುಂಡಿ ಬೆಟ್ಟದ ನಂದಿಯನ್ನು ನೋಡಿ "ಕರಿಕಲ್ಲಿನ ಬಸವ" ಎನ್ನುವವರಿದ್ದಾರೆ. ಆ ಕಪ್ಪು ತಲೆಮಾರುಗಳಿಂದ ಬಳಿದ ಎಣ್ಣೆ-ಮಸಿಯದು. ಬೆಟ್ಟ ಗ್ರಾನೈಟಿನದು, ಸುಮಾರು 80 ಕೋಟಿ ವರ್ಷದ ಹಿಂದೆ ಹುಟ್ಟಿದ, ಪೊಟ್ಯಾಸಿಯಂ ಹೆಚ್ಚಿರುವ ಅಪ್ಪಟ ಫೆಲ್ಸಿಕ್ ಶಿಲೆ. ಮೆಟ್ಟಿಲ ಪಕ್ಕದ ಬಂಡೆಯಲ್ಲಿ ನಸುಗೆಂಪು ಫೆಲ್ಡ್‌ಸ್ಪಾರ್ ಬರಿಗಣ್ಣಿಗೇ ಕಾಣುತ್ತದೆ. ನೋಡಿ ಬನ್ನಿ, ಸುತ್ತಿಗೆ ಮಾತ್ರ ಒಯ್ಯಬೇಡಿ.

ತಕ್ಕಡಿ:
ಕಣ್ಣು ಮೋಸ ಹೋಗುವಲ್ಲಿ ತೂಕ ಸಹಾಯಕ್ಕೆ ಬರುತ್ತದೆ. ಗ್ರಾನೈಟ್ ಮತ್ತು ಅದರ ಬಳಗದ ಸಾಂದ್ರತೆ 2.6ರಿಂದ 2.75, ಡಾಲರೈಟ್–ಗ್ಯಾಬ್ರೊ 2.9ರಿಂದ 3.1, ತಾಜಾ ಪೆರಿಡೊಟೈಟ್ (ಅಲ್ಟ್ರಾಮ್ಯಾಫಿಕ್ ಶಿಲೆ) 3.2–3.3. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲೇ ಅಳೆಯಬಹುದು.

ಮುಷ್ಟಿಗಿಂತ ಸ್ವಲ್ಪ ದೊಡ್ಡ, 400ರಿಂದ 800 ಗ್ರಾಂ ತೂಗುವ ಚೂರು ತೆಗೆದುಕೊಳ್ಳಿ. ಹೊರಗಿನ ಕೆಂಪು ತೊಗಟೆ ಪೂರ್ತಿ ಒಡೆದು ತೆಗೆದಿರಬೇಕು. ಒಣಗಿದ ಕಲ್ಲನ್ನು ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರು ತುಂಬಿದ ಡಬರಿ ಇಟ್ಟು ಸೊನ್ನೆ ಒತ್ತಿ. ಕಲ್ಲಿಗೆ ತೆಳು ನೈಲಾನ್ ದಾರ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಪಕ್ಕಕ್ಕೂ ತಾಗದಂತೆ ಕೈಯಲ್ಲಿ ತೂಗಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಗ್ರಾಂ ಕಲ್ಲು ಸರಿಸಿದ ನೀರಿನ ತೂಕ, ಅಂದರೆ ಘನ ಸೆಂಟಿಮೀಟರಿನಲ್ಲಿ ಕಲ್ಲಿನ ಗಾತ್ರ. ಒಣ ತೂಕವನ್ನು ಇದರಿಂದ ಭಾಗಿಸಿ. ಒಣ ತೂಕ 636, ನೀರಿನ ಅಂಕಿ 210 ಬಂದರೆ ಸಾಂದ್ರತೆ 3.03.

ಇದರಲ್ಲಿ ಕೆಡುವುದು ಎಲ್ಲಿ ಅಂದರೆ, ಕಲ್ಲು ತಳಕ್ಕೆ ತಾಗಿದರೆ ಅದರ ಭಾರವೂ ಸೇರಿ ಅಂಕಿ ಏರುತ್ತದೆ, ಸಾಂದ್ರತೆ ಸುಳ್ಳೇ ಕಡಿಮೆ ಬರುತ್ತದೆ. ಕಲ್ಲಿಗೆ ಅಂಟಿದ ಗಾಳಿಗುಳ್ಳೆಯೂ ಅದನ್ನೇ ಮಾಡುತ್ತದೆ, ಮುಳುಗಿಸಿದ ಮೇಲೆ ಎರಡು ಸಲ ಅಲುಗಾಡಿಸಿ. 100 ಗ್ರಾಮಿನ ಚೂರು ತಗೊಂಡರೆ ನೀರಿನ ಅಂಕಿ 35ರ ಹತ್ತಿರ ಇರುತ್ತದೆ. ಅಲ್ಲಿ 1 ಗ್ರಾಂ ತಪ್ಪಿದರೆ ಉತ್ತರ 0.08 ಹೆಚ್ಚುಕಡಿಮೆ ಆಗುತ್ತದೆ, ಸಣ್ಣ ಚೂರು ಬೇಡ.

ಕಾಲುವೆಏರಿ:
ಮೇಲಿನ ವಿಧಾನದಲ್ಲಿ ಮದ್ದೂರು ಕಡೆಯ ಒಂದು ಕರಿಕಲ್ಲಿಗೆ 403 ಗ್ರಾಂ, 145 ಗ್ರಾಂ, ಅಂದರೆ 2.78 ಬಂತು. ಗ್ರಾನೈಟೂ ಅಲ್ಲ, ಡಾಲರೈಟೂ ಅಲ್ಲ. ತೊಗಟೆ ತೆಗೆದಿದೆ.

ತಕ್ಕಡಿ:
2.75–2.85ರ ನಡುವೆ ಬಂದರೆ ಎರಡು ಸಾಧ್ಯತೆ. ಒಂದು, ಅದು ನಿಜಕ್ಕೂ ನಡುವಿನ ಕಲ್ಲು, ಡಯೊರೈಟ್ ಅಥವಾ ಕಪ್ಪು ಖನಿಜ ಹೆಚ್ಚಿರುವ ನೈಸ್ (ಗೆರೆಗೆರೆಯ ರೂಪಾಂತರ ಶಿಲೆ). ಇನ್ನೊಂದು, ಕರಿಪದರ-ಬಿಳಿಪದರ ಬೆರೆತ ಚೂರು. ಗೆರೆಗೆರೆ ಇದೆಯಾ ನೋಡಿ. ಇದ್ದರೆ ಕರಿಪದರವನ್ನಷ್ಟೇ ಬಿಡಿಸಿ ಮತ್ತೆ ತೂಗಿ.

ಒಂದು ಎಚ್ಚರಿಕೆ: ತೂಕವೂ ಒಂದು ಕಡೆ ಕೈಕೊಡುತ್ತದೆ. ಪೆರಿಡೊಟೈಟ್ ನೀರು ಹೀರಿ ಸರ್ಪೆಂಟಿನೈಟ್ ಆದಾಗ ಸಾಂದ್ರತೆ 2.6ಕ್ಕೆ ಇಳಿದುಬಿಡುತ್ತದೆ. ಅಲ್ಟ್ರಾಮ್ಯಾಫಿಕ್ ಕಲ್ಲು ಗ್ರಾನೈಟಿಗಿಂತ ಹಗುರ! ಆದರೆ ಅದು ಮೆತ್ತಗಿರುತ್ತದೆ, ಚಾಕು ಗೀರುತ್ತದೆ, ಮುಟ್ಟಿದರೆ ಜಾರುತ್ತದೆ. ಗ್ರಾನೈಟನ್ನು ಚಾಕು ಗೀರುವುದಿಲ್ಲ.

ಬಂಡೆಹಾದಿ:
ಗೆರೆ ಇದ್ದು, ಕಪ್ಪು ಹರಳುಗಳು ಸೂಜಿಯಂತೆ ಒಂದೇ ದಿಕ್ಕಿಗೆ ಮಲಗಿದ್ದರೆ ಅದು ಆಂಫಿಬೊಲೈಟ್, ಅಂದರೆ ಹಳೆಯ ಬಸಾಲ್ಟ್ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಹಾರ್ನ್‌ಬ್ಲೆಂಡ್ ಆದದ್ದು. ಸಂಯೋಜನೆ ಮ್ಯಾಫಿಕ್ಕೇ. ಡೈಕಿನೊಂದಿಗೆ ಗೊಂದಲವಾದರೆ ಬಂಡೆಯಲ್ಲಿ ಅದು ಹೇಗೆ ಕೂತಿದೆ ನೋಡಿ. ಆಂಫಿಬೊಲೈಟ್ ನೈಸಿನ ಗೆರೆಗಳ ಜೊತೆಗೇ ಬಾಗಿ ಮಡಚಿಕೊಂಡಿರುತ್ತದೆ. ಡಾಲರೈಟ್ ಡೈಕ್ ಆ ಗೆರೆಗಳನ್ನು ಕತ್ತರಿಸಿಕೊಂಡು ಹೋಗುತ್ತದೆ. ಡೈಕಿನ ಅಂಚಿನಲ್ಲಿ ಹರಳು ಕಾಣದಷ್ಟು ನಯ, ಮಧ್ಯಕ್ಕೆ ಬಂದಂತೆ ದಪ್ಪ. ತಣ್ಣನೆಯ ಬಂಡೆಗೆ ತಾಗಿದ ಕಡೆ ಪಾಕ (ಕರಗಿದ ಕಲ್ಲು) ಬೇಗ ಗಟ್ಟಿಯಾದದ್ದರ ಗುರುತು ಅದು. ಅಂಚಿನ ಚೂರು, ನಡುವಿನ ಚೂರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅನುಮಾನವೇ ಉಳಿಯುವುದಿಲ್ಲ.

ಬದುವಿನಕಲ್ಲು:
ಎಲ್ಲರಿಗೂ ವಂದನೆ. ಕರಿಕಲ್ಲು 742 ಗ್ರಾಂ, ನೀರಿನಲ್ಲಿ 246: 3.02. ಪಕ್ಕದ ಗೆರೆಬಂಡೆ 655, 245: 2.67. ಅಂಚಿನಲ್ಲಿ ಸುಮಾರು ಒಂದು ಗೇಣಿನಷ್ಟು ಹರಳೇ ಕಾಣದ ನಯ ಕಲ್ಲು, ನಡುವೆ ಅಕ್ಕಿನುಚ್ಚಿನಷ್ಟು ದಪ್ಪದ ಹರಳು. ದಾರಕ್ಕೆ ಕಟ್ಟಿದ ಅಯಸ್ಕಾಂತ ಕಲ್ಲಿನ ಕಡೆ ಸ್ವಲ್ಪ ವಾಲುತ್ತದೆ.

ಶಿಲಾಪಾಕ:
ಡಾಲರೈಟ್. ಅಯಸ್ಕಾಂತ ಎಳೆಯುವುದು ಮ್ಯಾಗ್ನೆಟೈಟ್ ಇರುವುದರಿಂದ. ಆದರೆ ಅದೊಂದನ್ನೇ ನಂಬಬೇಡಿ, ಕೆಲವು ಗ್ರಾನೈಟಿನಲ್ಲೂ ಮ್ಯಾಗ್ನೆಟೈಟ್ ಇರುತ್ತದೆ. ಪಕ್ಕದ ಗೆರೆಬಂಡೆ ಪೆನಿನ್ಸುಲರ್ ನೈಸ್, ಬಹುಪಾಲು 300 ಕೋಟಿ ವರ್ಷಕ್ಕೂ ಹಳೆಯದು. ನೈಸ್ ರೂಪಾಂತರ ಶಿಲೆಯಾದರೂ ಸಂಯೋಜನೆ ಹೇಳುವಾಗ ಫೆಲ್ಸಿಕ್ ಎಂದೇ ಹೇಳುತ್ತೇವೆ.

ಒರತೆ:
ಬೋರಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ.

ಗಟ್ಟಿ ಡೈಕ್ ನೆಲದೊಳಗಿನ ಗೋಡೆ. ನೀರು ಇಳಿಜಾರಿನ ಮೇಲಿನಿಂದ ಹರಿದು ಬಂದು ಅಲ್ಲಿ ತಡೆದು ನಿಲ್ಲುತ್ತದೆ. ಹಾಗಾಗಿ ಬೋರು ಡೈಕಿನ ಮೇಲ್ಗಡೆ ಪಕ್ಕದಲ್ಲಿರಬೇಕು, ಡೈಕಿನ ನಡುವೆ ಬೇಡ. ಪಾಕ ನುಗ್ಗಿದಾಗ, ಆಮೇಲೆ ತಣಿದು ಕುಗ್ಗಿದಾಗ ಅಂಚಿನ ನೈಸ್ ಬಿರುಕು ಬಿಟ್ಟಿರುತ್ತದೆ, ನೀರು ಸಿಗುವ ಜಾಗ ಅದೇ. ಡೈಕೇ ಚೆನ್ನಾಗಿ ಬಿರಿದು ಕೊಳೆತಿದ್ದರೆ ಅದೂ ನೀರು ಹಿಡಿಯುತ್ತದೆ, ಆದರೆ ಅದನ್ನು ನೆಲದ ಮೇಲಿನಿಂದ ಊಹಿಸಲಾಗದು. ನೆಲದ ವಿದ್ಯುತ್ ತಡೆ ಅಳೆಯುವ ರೆಸಿಸ್ಟಿವಿಟಿ ಸರ್ವೆ ಮಾಡಿಸಿ.

ಬಹಳ ಜನ ಎಡವುವುದು ಡೈಕಿನ ವಾಲುವಿಕೆಯಲ್ಲಿ. ಹೆಚ್ಚಿನವು ನೆಟ್ಟಗೆ ನಿಂತಿರುತ್ತವೆ, ಆದರೆ 80 ಡಿಗ್ರಿ ಇದ್ದರೂ 100 ಮೀಟರ್ ಆಳದಲ್ಲಿ ಅಂಚು 17–18 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಡೈಕ್ ನಿಮ್ಮ ಬೋರಿನ ಕಡೆಗೆ ವಾಲಿದ್ದರೆ, ಮೇಲೆ ನೈಸಿನಲ್ಲಿ ಶುರುವಾದದ್ದು ಕೆಳಗೆ ಕರಿಕಲ್ಲಿಗೆ ಬಡಿಯುತ್ತದೆ. ಆಗ ಪೈಪಿನಿಂದ ಬರುವ ಪುಡಿ ನೋಡಿಯೇ ಗೊತ್ತಾಗುತ್ತದೆ. ನೈಸ್ ಪುಡಿ ಬೂದು-ಬಿಳಿ, ಬೆರಳಲ್ಲಿ ಉಜ್ಜಿದರೆ ಮರಳಿನಂತೆ ಕರಕರ. ಡಾಲರೈಟ್ ಪುಡಿ ಹಸಿರುಗಪ್ಪು, ಹಿಟ್ಟಿನಂತೆ ನಯ. ಪ್ರತಿ 3 ಮೀಟರಿಗೆ ಒಂದು ಹಿಡಿ ಪುಡಿ ತೆಗೆದು ಆಳ ಬರೆದು ಸಾಲಾಗಿ ಇಡಿ. ಕರಿಪುಡಿ ಬಿಡದೆ ಬರುತ್ತಿದ್ದು, ನೀರಿನ ಸುಳಿವಿಲ್ಲದಿದ್ದರೆ ಇನ್ನೂ ನೂರು ಅಡಿ ಅಂತ ದುಡ್ಡು ಸುರಿಯಬೇಡಿ.

ಫೆಲ್ಸಿಕ್ ಬಂಡೆಯ ಆಳದ ನೀರಿಗೆ ಇನ್ನೊಂದು ಪರೀಕ್ಷೆ ಬೇಕೇಬೇಕು. ಅಭ್ರಕ, ಅಪಟೈಟ್, ಫ್ಲೋರೈಟ್‌ಗಳಿಂದ ಫ್ಲೋರೈಡ್ ಇಳಿಯುತ್ತದೆ. ಕುಡಿಯುವ ನೀರಿಗೆ ಲೀಟರಿಗೆ 1.0 ಮಿಲಿಗ್ರಾಂ ಮಿತಿ, ಬೇರೆ ಮೂಲ ಇಲ್ಲದಿದ್ದರೆ 1.5ರ ತನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಹೊಸಕಣ್ಣು:
ಇಷ್ಟು ವ್ಯತ್ಯಾಸ ಪಾಕದಲ್ಲೇ ಯಾಕೆ ಬರುತ್ತದೆ? ಒಂದೇ ಪಾಕದಿಂದ ಎರಡೂ ಹುಟ್ಟಬಹುದಾ?

ಶಿಲಾಪಾಕ:
ಹುಟ್ಟಬಹುದು, ಆದರೆ ನಮ್ಮ ಬೆಟ್ಟಗಳು ಹಾಗೆ ಹುಟ್ಟಿದ್ದಲ್ಲ.

ಭೂಕವಚದ ಕೆಳಗಿನ ದಪ್ಪ ಪದರವಾದ ಮ್ಯಾಂಟಲ್ ಅಲ್ಟ್ರಾಮ್ಯಾಫಿಕ್. ಅದು ಭಾಗಶಃ ಕರಗಿದಾಗ ಮೊದಲು ಬರುವುದು ಬಸಾಲ್ಟ್ ಪಾಕ, 1000–1200 ಡಿಗ್ರಿ ಸೆಲ್ಸಿಯಸ್. ಆ ಪಾಕ ತಣಿಯುವಾಗ ಎಲ್ಲ ಖನಿಜವೂ ಒಟ್ಟಿಗೆ ಹರಳಾಗುವುದಿಲ್ಲ. ಮೊದಲು ಆಲಿವೀನ್, ಆಮೇಲೆ ಪೈರಾಕ್ಸೀನ್ ಮತ್ತು ಕ್ಯಾಲ್ಸಿಯಂ ಪ್ಲಾಜಿಯೊಕ್ಲೇಸ್. ಈ ಕ್ರಮವನ್ನು ಶಿಲಾವಿಜ್ಞಾನಿ ಬೋವೆನ್ ಪ್ರಯೋಗಶಾಲೆಯಲ್ಲಿ ತೋರಿಸಿಕೊಟ್ಟರು. ಮೆಗ್ನೀಸಿಯಂ, ಕಬ್ಬಿಣ ಹರಳಾಗಿ ತಳ ಸೇರಿದಂತೆ ಉಳಿದ ಪಾಕದಲ್ಲಿ ಸಿಲಿಕಾ, ಸೋಡಿಯಂ, ಪೊಟ್ಯಾಸಿಯಂ, ನೀರು ಸಾಂದ್ರವಾಗುತ್ತವೆ. ಕೊನೆಗೆ ಉಳಿಯುವುದು ಗ್ರಾನೈಟ್ ಪಾಕ. ಆದರೆ ಅದು ಮೂಲದ ಹತ್ತನೇ ಒಂದು ಭಾಗದಷ್ಟು. ಒಂದು ಬೆಟ್ಟ ಗ್ರಾನೈಟಿಗೆ ಒಂಬತ್ತು ಬೆಟ್ಟ ಗ್ಯಾಬ್ರೊ ಪಕ್ಕದಲ್ಲಿ ಇರಬೇಕಿತ್ತು. ಇಲ್ಲ. ಹಾಗಾಗಿ ದೊಡ್ಡ ಗ್ರಾನೈಟ್ ಬಂಡೆಗಳಿಗೆ ಬೇರೆ ದಾರಿ ಬೇಕು: ಹಳೆಯ ಭೂಕವಚವೇ ಮತ್ತೆ ಕರಗುವುದು.

ಮಂಡ್ಯದ ಅಡಿಗಿರುವ ನೈಸಿನಲ್ಲಿ ಪೊಟ್ಯಾಸಿಯಮ್ಮಿಗಿಂತ ಸೋಡಿಯಂ ಹೆಚ್ಚು. ನೀರು ಸೇರಿದ ಬಸಾಲ್ಟ್ ಆಳದಲ್ಲಿ ಕರಗಿದಾಗ ಇಂಥ ಪಾಕ ಬರುತ್ತದೆ. ಆ ನೈಸನ್ನೇ ಮತ್ತೆ ಕರಗಿಸಿದರೆ ಪೊಟ್ಯಾಸಿಯಂ ಹೆಚ್ಚಿದ ಗ್ರಾನೈಟ್. ಮಂಡ್ಯಕ್ಕೆ ಪೂರ್ವದಲ್ಲಿ ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟ್, ಸುಮಾರು 250 ಕೋಟಿ ವರ್ಷದ್ದು, ಹುಟ್ಟುವಾಗ ಹೀಗೆ ಹಳೆಯ ಕವಚ ಕರಗಿದ್ದರ ಪಾಲು ದೊಡ್ಡದು, ಜೊತೆಗೆ ಮ್ಯಾಂಟಲಿನ ಪಾಕವೂ ಸೇರಿದೆ. ಮಂಡ್ಯದಿಂದ ರಾಮನಗರಕ್ಕೆ ಬಸ್ಸಿನಲ್ಲಿ ಹೋಗುವಾಗ ಎಡಬಲದ ಬಂಡೆ ಗೆರೆಯಿಂದ ಗುಲಾಬಿ ಹರಳಿಗೆ ಬದಲಾಗುವುದನ್ನು ಗಮನಿಸಿ ನೋಡಬೇಕು. ಫೆಲ್ಸಿಕ್ ಎನ್ನುವ ಒಂದೇ ಹೆಸರಿನೊಳಗೆ ಇಷ್ಟು ದೊಡ್ಡ ಚರಿತ್ರೆ ಅಡಗಿದೆ.

ಸ್ವಭಾವದ ವ್ಯತ್ಯಾಸಕ್ಕೆ ಕಾರಣ ಸಿಲಿಕಾ ಸರಪಳಿ. ಸಿಲಿಕಾ ಹೆಚ್ಚಿದ್ದಷ್ಟೂ ಪಾಕದೊಳಗೆ ಸಿಲಿಕಾನ್–ಆಕ್ಸಿಜನ್ ಕೊಂಡಿಗಳು ಒಂದಕ್ಕೊಂದು ಹೆಣೆದುಕೊಂಡು ಅಂಟು ಹೆಚ್ಚುತ್ತದೆ. ಜೊತೆಗೆ ಫೆಲ್ಸಿಕ್ ಪಾಕದ ಉಷ್ಣತೆಯೂ ಕಡಿಮೆ, 650–850 ಡಿಗ್ರಿ. ಎರಡೂ ಸೇರಿ ಬಸಾಲ್ಟಿಗಿಂತ ಕನಿಷ್ಠ ಲಕ್ಷ ಪಟ್ಟು ಅಂಟು. ಅನಿಲ ತಪ್ಪಿಸಿಕೊಳ್ಳಲಾಗದೆ ಒತ್ತಡ ಕಟ್ಟಿ ಸಿಡಿಯುತ್ತದೆ. ಹವಾಯಿಯಲ್ಲಿ ಲಾವಾ ನದಿಯಾಗಿ ಹರಿಯುವುದಕ್ಕೂ, ರಯೊಲೈಟ್ (ಫೆಲ್ಸಿಕ್ ಲಾವಾ) ಜ್ವಾಲಾಮುಖಿ ಬೂದಿಯಾಗಿ ಸ್ಫೋಟಿಸುವುದಕ್ಕೂ ಇದೇ ಕಾರಣ.

ಉಳಿಸುತ್ತಿಗೆ:
ಶಿಲ್ಪದ ಕಡೆಯಿಂದ ಒಂದು ಮಾತು. ಕೃಷ್ಣಶಿಲೆ ಅನ್ನುವುದು ಕೆಲಸಗಾರರ ಹೆಸರು. ಕಪ್ಪಗಿದೆ, ಉಳಿಗೆ ಸಮನಾಗಿ ಬಿಡುತ್ತದೆ, ಮೆರುಗು ಹಿಡಿಯುತ್ತದೆ ಎಂಬುದಕ್ಕೆ ಕೊಟ್ಟ ಹೆಸರೇ ಹೊರತು ಸಂಯೋಜನೆಗಲ್ಲ. ಎರಡು ಕಡೆಯ ಕೃಷ್ಣಶಿಲೆ ಬೇರೆಬೇರೆ ಶಿಲೆಯಾಗಿರಬಹುದು.

ಸೋಮನಾಥಪುರದ ಕೇಶವ ದೇವಾಲಯ 13ನೇ ಶತಮಾನದ್ದು, ಬಳಪದ ಕಲ್ಲಿನದು. ಟಾಲ್ಕ್, ಕ್ಲೋರೈಟ್ ತುಂಬಿದ ಈ ಕಲ್ಲು ಮೆಗ್ನೀಸಿಯಂ ಹೇರಳವಾಗಿರುವ ಹಳೆಯ ಶಿಲೆ ಮಾರ್ಪಟ್ಟು ಆದದ್ದು. ಬೆಣಚು ಇಲ್ಲದ್ದರಿಂದಲೇ ಆ ಮಣಿಹಾರ, ಬೆರಳಿನ ಗೆಣ್ಣು, ಜಾಲಂದ್ರ ಎಲ್ಲ ಸಾಧ್ಯವಾಯಿತು. ಚಾಮುಂಡಿ ಗ್ರಾನೈಟಿನಲ್ಲಿ ಅದನ್ನು ಕಡೆಯಲು ಹೋದರೆ ಬೆಣಚು ಉಳಿಯ ಬಾಯಿ ತಿನ್ನುತ್ತದೆ, ಅಭ್ರಕವಿದ್ದ ಕಡೆ ಚಕ್ಕೆ ಹಾರುತ್ತದೆ. ದೇವಾಲಯದ ಗೋಡೆಯ ಮೇಲೆ ಗೀರಿ ನೋಡುವ ಸಾಹಸ ದಯವಿಟ್ಟು ಬೇಡ.

ಅಡುಗೆಮನೆಗೆ "ಕರಿ ಗ್ರಾನೈಟ್" ಚಪ್ಪಡಿ ಕೊಳ್ಳುವವರಿಗೆ: ಚಾಮರಾಜನಗರದ ಹೆಸರಾಂತ ಕಪ್ಪು ಕಲ್ಲು ಡಾಲರೈಟ್, ಮ್ಯಾಫಿಕ್. ಬಣ್ಣ ಹಾಕಿದ ಬೂದು ಗ್ರಾನೈಟ್ ಅಲ್ಲವೆಂದು ತಿಳಿಯಲು ಬಿಳಿ ಬಟ್ಟೆಗೆ ಅಸಿಟೋನ್ ಹಚ್ಚಿ ಒಂದು ನಿಮಿಷ ಉಜ್ಜಿ, ಬಟ್ಟೆ ಕಪ್ಪಾದರೆ ಬಣ್ಣ. ಚಪ್ಪಡಿಯ ಕತ್ತರಿಸಿದ ಪಕ್ಕವನ್ನೂ ನೋಡಿ, ಬಣ್ಣ ಮೇಲ್ಮೈಗಿಂತ ಆಳಕ್ಕೆ ಇಳಿದಿರುವುದಿಲ್ಲ. ಹಿತ್ತಾಳೆ ಬಣ್ಣದ ಚುಕ್ಕೆ ಮಿನುಗಿದರೆ ಅದು ಪೈರೈಟ್, ಸಿಂಕಿನ ಪಕ್ಕ ತುಕ್ಕಿನ ಕಲೆ ಬರುತ್ತದೆ.

ಜಲ್ಲಿಲೋಡು:
ರಸ್ತೆ ಕೆಲಸದಲ್ಲಿ ಈ ಭೇದ ನೇರವಾಗಿ ದುಡ್ಡಿನ ವಿಷಯ. ಬೆಣಚು ಹೆಚ್ಚಿರುವ ಜಲ್ಲಿಗೆ ಡಾಂಬರಿಗಿಂತ ನೀರು ಇಷ್ಟ. ಮಳೆಗಾಲದಲ್ಲಿ ನೀರು ಒಳನುಗ್ಗಿ ಡಾಂಬರಿನ ಪದರ ಕಳಚುತ್ತದೆ. ಡಾಲರೈಟ್ ಜಲ್ಲಿಗೆ ಡಾಂಬರು ಚೆನ್ನಾಗಿ ಹಿಡಿಯುತ್ತದೆ. ಪರೀಕ್ಷೆ ಭಾರತೀಯ ಮಾನಕ ಐಎಸ್ 6241ರಲ್ಲಿದೆ: 20 ಮತ್ತು 12.5 ಮಿ.ಮೀ. ಜರಡಿಗಳ ನಡುವಿನ 200 ಗ್ರಾಂ ಜಲ್ಲಿಗೆ ಶೇ. 5 ಡಾಂಬರು ಬೆರೆಸಿ, ತಣಿದ ಮೇಲೆ 40 ಡಿಗ್ರಿ ನೀರಿನಲ್ಲಿ 24 ಗಂಟೆ ಇಟ್ಟು, ಎಷ್ಟು ಮೈ ಬತ್ತಲಾಯಿತು ನೋಡುವುದು. ಶೇ. 5ಕ್ಕಿಂತ ಹೆಚ್ಚು ಕಳಚಿದರೆ ಹಾಗೇ ಬಳಸಬಾರದು. ನೈಸ್ ಜಲ್ಲಿಯೇ ಗತಿ ಅಂದಾಗ ಶೇ. 1–2 ಸುಣ್ಣದ ಪುಡಿ ಅಥವಾ ಕಳಚದಂತೆ ತಡೆಯುವ ರಾಸಾಯನಿಕ ಸೇರಿಸಬೇಕು.

ಕ್ರಷರ್ ಬಳಿ ಕೆಲಸ ಮಾಡುವವರು ನೆನಪಿಡಿ, ನೈಸಿನ ದೂಳಿನಲ್ಲಿ ಕಾಲು ಭಾಗದಷ್ಟು ಬೆಣಚು ಇರುತ್ತದೆ. ಸಿಲಿಕೋಸಿಸ್ ಬಂದರೆ ವಾಸಿಯಾಗುವುದಿಲ್ಲ. ನೀರು ಚಿಮುಕಿಸದೆ ಕೊರೆಯಬೇಡಿ, ಕರವಸ್ತ್ರ ಕಟ್ಟಿದರೆ ಸಾಲದು, ಎನ್95 ಬೇಕು.

ಕಬ್ಬಿನಸಾಲು:
ಹೊಲಕ್ಕೆ ಕಲ್ಲುಪುಡಿ ಹಾಕಿದರೆ ಒಳ್ಳೆಯದು ಅಂತಾರೆ. ಹತ್ತಿರದ ಕ್ರಷರ್ ಪುಡಿ ನಡೆಯುತ್ತದಾ?

ಒರತೆ:
ಆ ಮಾತು ಮ್ಯಾಫಿಕ್ ಪುಡಿಯ ಬಗ್ಗೆ. ಅದರಲ್ಲಿನ ಖನಿಜ ಬೇಗ ಕರಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಡುತ್ತದೆ. ಹುಳಿ ಮಣ್ಣಿಗೆ ಉಪಯೋಗ. ಮಂಡ್ಯದ ಕ್ರಷರ್ ಪುಡಿ ಬಹುಪಾಲು ನೈಸ್. ಬೆಣಚು ಕರಗುವುದೇ ಇಲ್ಲ ಎನ್ನಬಹುದು, ಪೊಟ್ಯಾಷ್ ಫೆಲ್ಡ್‌ಸ್ಪಾರ್ ಬಹಳ ನಿಧಾನ. ಮರಳು ಹಾಕಿದಂತೆ ಆಗುತ್ತದೆ ಅಷ್ಟೆ. ನಾಲೆ ನೀರಿನ ಕಬ್ಬಿನ ಗದ್ದೆಯಲ್ಲಿ ಮಣ್ಣು ಆಗಲೇ ಕ್ಷಾರವಾಗಿದ್ದರೆ ಡಾಲರೈಟ್ ಪುಡಿಯೂ ಬೇಡ. ಮಣ್ಣು ಪರೀಕ್ಷೆಯ ಪಿಎಚ್ ನೋಡಿ ತೀರ್ಮಾನಿಸಿ.

ಬಂಡೆಹಾದಿ:
ಅಲ್ಟ್ರಾಮ್ಯಾಫಿಕ್ ಪುಡಿಯನ್ನಂತೂ ಮುಟ್ಟಬೇಡಿ. ಸರಗೂರು ಶಿಲಾಪಟ್ಟಿ, ಸಿಂಧುವಳ್ಳಿ, ದೊಡ್ಡಕಾನ್ಯ ಕಡೆಯ ಡ್ಯುನೈಟ್–ಪೆರಿಡೊಟೈಟ್‌ಗಳಲ್ಲಿ ಕ್ರೋಮಿಯಂ, ನಿಕ್ಕಲ್ ಹೆಚ್ಚು. ಸರ್ಪೆಂಟಿನೈಟ್ ಆದ ಕಡೆ ಕಲ್ನಾರಿನ ಎಳೆಯೂ ಇರಬಹುದು. ಹಳೆಯ ಕ್ರೋಮೈಟ್ ಮತ್ತು ಮ್ಯಾಗ್ನೆಸೈಟ್ ಗಣಿಗಳು ಅಲ್ಲಿ ಬಂದದ್ದೂ ಇದೇ ಶಿಲೆಯಿಂದ. ಇಂಗಾಲಾಮ್ಲ ಬೆರೆತ ನೀರು ಆಲಿವೀನನ್ನು ಕೆಡಿಸಿದಾಗ ಮ್ಯಾಗ್ನೆಸೈಟ್ ಬಿಳಿ ನರಗಳಾಗಿ ಕೂರುತ್ತದೆ. ಹೊಲದ ಸುಣ್ಣಕಲ್ಲಿನ ಉಂಡೆಗೂ ಅದಕ್ಕೂ ವ್ಯತ್ಯಾಸ ಬೇಕಾದರೆ ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಸಾಕು. ಸುಣ್ಣಕಲ್ಲು ಕೂಡಲೇ ನೊರೆಗಟ್ಟುತ್ತದೆ. ಮ್ಯಾಗ್ನೆಸೈಟ್ ತಣ್ಣಗಿದ್ದಾಗ ಸುಮ್ಮನಿರುತ್ತದೆ, ಪುಡಿ ಮಾಡಿ ಬೆಚ್ಚಗಿನ ಆಮ್ಲ ಹಾಕಿದರೆ ಮಾತ್ರ ಗುಳ್ಳೆ. ಕನ್ನಡಕ, ಕೈಗವಸು ಹಾಕಿಕೊಂಡೇ ಮಾಡಿ.

ಹೊಸಕಣ್ಣು:
ಕೊನೆಗೆ ಲ್ಯಾಬಿಗೇ ಕೊಡುವುದಾದರೆ ಏನು ಕೇಳಬೇಕು?

ಶಿಲಾಪಾಕ:
ಎಕ್ಸ್‌ಆರ್‌ಎಫ್‌ನಲ್ಲಿ (ಎಕ್ಸ್-ಕಿರಣದಿಂದ ಸಂಯೋಜನೆ ಅಳೆಯುವ ಪರೀಕ್ಷೆ) ಹತ್ತು ಮುಖ್ಯ ಆಕ್ಸೈಡುಗಳು ಮತ್ತು ಸುಟ್ಟಾಗ ಕಳೆಯುವ ತೂಕ, ಇಷ್ಟು ಕೇಳಿ. ಡಾಲರೈಟ್ ಆದರೆ 1 ಕಿಲೋ ತಾಜಾ ಕಲ್ಲು ಸಾಕು. ದಪ್ಪ ಹರಳಿನ ಗ್ರಾನೈಟಿಗೆ 4–5 ಕಿಲೋ ಕೊಡಿ, ಇಲ್ಲದಿದ್ದರೆ ಒಂದೆರಡು ದೊಡ್ಡ ಫೆಲ್ಡ್‌ಸ್ಪಾರ್ ಹರಳೇ ಫಲಿತಾಂಶ ತಿರುಚುತ್ತದೆ. ಪೂರ್ತಿ ಕಲ್ಲನ್ನು ಪುಡಿ ಮಾಡಿ 75 ಮೈಕ್ರಾನಿನ ಜರಡಿ ದಾಟಿಸಬೇಕು. ದಾಟದೆ ಉಳಿದದ್ದನ್ನು ಎಸೆಯಬಾರದು, ಮತ್ತೆ ಅರೆಯಬೇಕು, ಯಾಕೆಂದರೆ ಕೊನೆಗೆ ಉಳಿಯುವುದು ಗಟ್ಟಿ ಬೆಣಚೇ. ಅದನ್ನು ಎಸೆದರೆ ಸಿಲಿಕಾ ಕಡಿಮೆ ಬರುತ್ತದೆ. ಉಕ್ಕಿನ ಯಂತ್ರದಲ್ಲಿ ಅರೆದರೆ ಕಬ್ಬಿಣ ಸೇರುತ್ತದೆ, ಫೆಲ್ಸಿಕ್ ಕಲ್ಲಿಗೆ ಇದು ಎದ್ದು ಕಾಣುವ ದೋಷ. ಅಗೇಟ್ ಒರಳು ಇದೆಯೇ ಕೇಳಿ. ಫಲಿತಾಂಶ ಬಂದಾಗ ಮೊದಲು ಮೊತ್ತ ನೋಡಿ, 99ರಿಂದ 101ರೊಳಗೆ ಇರಬೇಕು. ಸುಟ್ಟಾಗ ಕಳೆದ ತೂಕ ಶೇ. 2–3 ದಾಟಿದ್ದರೆ ಕಲ್ಲು ಕೊಳೆತಿದೆ ಅಂತ ಅರ್ಥ, ಆ ಸಿಲಿಕಾ ಅಂಕಿಯ ಮೇಲೆ ಹೆಸರಿಡಬೇಡಿ.

ಬದುವಿನಕಲ್ಲು ಅವರಿಗೆ ಸದ್ಯ ಇದರ ಅಗತ್ಯವಿಲ್ಲ. ಸಾಂದ್ರತೆ, ನಯವಾದ ಅಂಚು, ಗೆರೆಬಂಡೆಯ ನಡುವೆ ನೆಟ್ಟಗೆ ಹಾದುಹೋದ ರೀತಿ, ಮೂರೂ ಒಂದೇ ಮಾತು ಹೇಳುತ್ತಿವೆ. ಆ ದುಡ್ಡನ್ನು ರೆಸಿಸ್ಟಿವಿಟಿ ಸರ್ವೆಗೆ ಹಾಕಿ. ಸರ್ವೆ ಗೆರೆಯನ್ನು ಡೈಕಿಗೆ ಅಡ್ಡಲಾಗಿ, ಎರಡೂ ಬದಿ 50 ಮೀಟರ್ ದಾಟುವಂತೆ ಹಾಕಿಸಿ. ಉದ್ದಕ್ಕೆ ಹಾಕಿದರೆ ವಾಲುವಿಕೆ ಕಾಣುವುದಿಲ್ಲ.